ಕಾಡಂಚಿನ ಊರಿಗೆ ನಿದ್ದೆಯಿಲ್ಲದ ನಾಲ್ಕು ತಿಂಗಳು

ಶಿವರಾತ್ರಿಯ ಆಸುಪಾಸು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಂಡೀಪುರದ ಕಾಡಿಗೆ ಅಂಟಿಕೊಂಡಿರುವ ಯಾವುದೇ ಒಂದು ಊರು. ಮೇಯಲು ಹೋದ ದನಗಳು ಕೊಟ್ಟಿಗೆ ಸೇರಿವೆ, ಹಾಲು ಡೇರಿಗೆ ಹೋಗಿದೆ, ದೇವಸ್ಥಾನದ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದಾರೆ. ಮಾತು ಅರಿಶಿನದ ರೇಟಿನ ಬಗ್ಗೆ ನಡೆದಿದ್ದರೂ ಎಲ್ಲರ ಕಣ್ಣು ಬೆಟ್ಟದ ಮೇಲಿದೆ. ಹಗಲು ಅಲ್ಲಿ ಬೂದು ಹೊಗೆಯಷ್ಟೇ ಕಾಣುತ್ತಿತ್ತು. ಕತ್ತಲು ಕವಿಯುತ್ತಿದ್ದಂತೆ ಇಳಿಜಾರಿನಲ್ಲಿ ಕೆಂಪು ಗೆರೆಯೊಂದು ಮೂಡಿದೆ. ನೋಡನೋಡುತ್ತಿದ್ದಂತೆ ಅದು ಉದ್ದವಾಗುತ್ತದೆ, ಎಲ್ಲೋ ತುಂಡಾಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ.

'ಗಾಳಿ ಯಾವ್ ಕಡಿಂದ ಬೀಸ್ತಾ ಅದಣ್ಣ?' ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಎದ್ದು ಹೋಗಿ ಹಿಡಿ ಮಣ್ಣು ತೂರಿ ನೋಡುತ್ತಾರೆ. ಮಣ್ಣು ಊರ ಕಡೆ ಬಿದ್ದರೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಹುಲ್ಲಿನ ಮೆದೆ, ದನದ ಕೊಟ್ಟಿಗೆ, ಹೊಲದಲ್ಲಿ ಹಾಸಿದ ಡ್ರಿಪ್ ಪೈಪು, ಎಲ್ಲವೂ ಒಂದು ಕಿಡಿಗೆ ಎಟುಕುವ ದೂರದಲ್ಲಿವೆ. ಇನ್ನೊಂದು ಭಯವೂ ಇದೆ. ಬೆಂಕಿಗೆ ಹೆದರಿದ ಆನೆಗಳು ಇಳಿದು ಬರುವುದು ಈ ಹೊಲಗಳಿಗೇ.

ಪೇಟೆಯಲ್ಲಿ ಕೂತವರಿಗೆ ಕಾಡ್ಗಿಚ್ಚು ವರ್ಷಕ್ಕೊಮ್ಮೆ ಬಂದು ಹೋಗುವ ಸುದ್ದಿ. ಕಾಡಂಚಿನಲ್ಲಿ ಬದುಕುವವರಿಗೆ ಅದು ಜನವರಿಯಲ್ಲಿ ಶುರುವಾಗಿ ಮೇ ತಿಂಗಳ ಮಳೆಯವರೆಗೂ ಜೊತೆಗಿರುವ ಆತಂಕ. ಈ ಬೆಂಕಿ ಹೇಗೆ ಹುಟ್ಟುತ್ತದೆ, ಹೇಗೆ ಓಡುತ್ತದೆ, ಅದನ್ನು ತಡೆಯುವವರು ಯಾರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಅರ್ಧಂಬರ್ಧವಷ್ಟೇ ಗೊತ್ತು.

ಒಣಗಿ ನಿಂತ ಕಾಡು

ಬಂಡೀಪುರ ಇರುವುದು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ. ಇಲ್ಲಿಯ ತೇಗ, ಮತ್ತಿ, ದಿಂಡಿಗ, ಹೊನ್ನೆ ಮರಗಳು ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ಎಲೆ ಉದುರಿಸುತ್ತವೆ. ಜನವರಿ ಕಳೆಯುವಷ್ಟರಲ್ಲಿ ನೆಲದ ತುಂಬ ತರಗೆಲೆ. ಅದರ ನಡುವೆ ಮಳೆಗಾಲದಲ್ಲಿ ಆಳೆತ್ತರ ಬೆಳೆದು ಈಗ ಒಣಗಿ ನಿಂತ ಹುಲ್ಲು. ಮೇಲೆ ನೆರಳಿಲ್ಲದ್ದರಿಂದ ಬಿಸಿಲು ನೇರವಾಗಿ ಈ ತರಗಿನ ಮೇಲೆ ಬೀಳುತ್ತದೆ.

ಬರಗಾಲದಲ್ಲೇ ಬೆಂಕಿ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಒಣ ಕಾಡಿನ ಲೆಕ್ಕ ಹಾಗಿಲ್ಲ. ಮುಂಗಾರು ಚೆನ್ನಾಗಿ ಸುರಿದ ವರ್ಷ ಹುಲ್ಲು, ಪೊದೆ ಎರಡೂ ದಟ್ಟವಾಗುತ್ತವೆ. ಆಮೇಲಿನ ತಿಂಗಳುಗಳಲ್ಲಿ ಮಳೆ ಕೈಕೊಟ್ಟರೆ ಅಷ್ಟೂ ಹಸಿರು ಉರುವಲಾಗುತ್ತದೆ. ಪಕ್ಕದ ಕೊಡಗು ಮತ್ತು ವಯನಾಡು ನೆರೆಗೆ ಸಿಕ್ಕಿ ನರಳಿದ್ದು 2018ರ ಮಳೆಗಾಲದಲ್ಲಿ. ಬಂಡೀಪುರ ಹೊತ್ತಿ ಉರಿದದ್ದು ಅದರ ಮರುಬೇಸಿಗೆಯಲ್ಲಿ. ಮಳೆ ಚೆನ್ನಾಗಾಯಿತೆಂದು ಕಾಡಂಚಿನವರು ನೆಮ್ಮದಿಯಿಂದ ಇರಲಾರರು.

ಅಮೆರಿಕದ ಕ್ಯಾಲಿಫೋರ್ನಿಯಾದ ಬೆಂಕಿಯನ್ನು ಟಿ.ವಿ.ಯಲ್ಲಿ ನೋಡಿದವರು ನಮ್ಮ ಕಾಡಿನಲ್ಲೂ ಅದೇ ನಡೆಯುತ್ತದೆ ಎಂದುಕೊಳ್ಳುತ್ತಾರೆ. 2018ರ ನವೆಂಬರ್‌ನಲ್ಲಿ ಅಲ್ಲಿಯ ಪ್ಯಾರಡೈಸ್ ಎಂಬ ಪಟ್ಟಣ ಸುಟ್ಟು 85 ಜನ ಸತ್ತರು. 2020ರ ಸೆಪ್ಟೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ನಡುಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಲ್ಲಿ ನೆಲೆಸಿರುವ ಕನ್ನಡಿಗರೂ ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೂತಿದ್ದರು. ಅಲ್ಲಿಯ ದೊಡ್ಡ ಬೆಂಕಿ ಮರದ ನೆತ್ತಿಯಿಂದ ನೆತ್ತಿಗೆ ಜಿಗಿಯುತ್ತದೆ, ಮರದ ಮನೆಗಳನ್ನು ಸಾಲುಸಾಲಾಗಿ ನುಂಗುತ್ತದೆ. ನಮ್ಮದು ಬಹುಪಾಲು ನೆಲದ ಬೆಂಕಿ. ತರಗು, ಹುಲ್ಲು, ಪೊದೆಗಳನ್ನು ತಿನ್ನುತ್ತ ಮೊಣಕಾಲೆತ್ತರ, ಸೊಂಟದೆತ್ತರ ಸಾಗುತ್ತದೆ. ನಮ್ಮಲ್ಲಿ ಪಟ್ಟಣ ಸುಡುವುದಿಲ್ಲವಾದ್ದರಿಂದ ಸುದ್ದಿ ಚಿಕ್ಕದಾಗುತ್ತದೆ, ಅಷ್ಟೆ. ಹಾನಿ ಚಿಕ್ಕದಲ್ಲ.

ನೆಲದ ಬೆಂಕಿ ನಿಧಾನ ಎಂದು ನಂಬಿ ಮೋಸಹೋಗಬಾರದು. ಇಳಿಜಾರಿನಲ್ಲಿ ಮೇಲಕ್ಕೆ ಏರುವಾಗ ಜ್ವಾಲೆ ಮುಂದಿನ ಹುಲ್ಲಿನ ಕಡೆಗೆ ಬಾಗುತ್ತದೆ. ಆ ಹುಲ್ಲು ಬೆಂಕಿ ಮುಟ್ಟುವ ಮೊದಲೇ ಕಾದು ಸಿದ್ಧವಾಗಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಾಗಲೆಲ್ಲ ಬೆಂಕಿಯ ವೇಗ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಬಳಸುವ ಲೆಕ್ಕ. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಿಗರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿಬಿದ್ದರು. 20ಕ್ಕೂ ಹೆಚ್ಚು ಜೀವ ಹೋಯಿತು. ಬೇಸಿಗೆಯಲ್ಲಿ ಕುಮಾರಪರ್ವತದಂಥ ಕಡೆ ಚಾರಣಕ್ಕೆ ಅರಣ್ಯ ಇಲಾಖೆ ತಡೆ ಹಾಕಿದಾಗ ಗೊಣಗುವವರು ಈ ದಿನವನ್ನು ನೆನೆಯಬೇಕು.

ಬಿದಿರು ಉಜ್ಜಿದರೆ ಬೆಂಕಿ?

ಬಿದಿರ ಮೆಳೆ ಗಾಳಿಗೆ ಒಂದಕ್ಕೊಂದು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ಶಾಲೆಯಲ್ಲಿ ಕೇಳಿದ ಮಾತು ಎಲ್ಲರಿಗೂ ನೆನಪಿದೆ. ಕೇಳಲು ಚೆನ್ನಾಗಿದೆ. ಬೆಂಕಿಯ ಮೂಲ ಹುಡುಕಿ ಹೋದ ಅರಣ್ಯ ಸಿಬ್ಬಂದಿಗೆ ಮಾತ್ರ ಬಹುತೇಕ ಸಲ ಸಿಗುವುದು ಮನುಷ್ಯನ ಹೆಜ್ಜೆ. ಸಿಡಿಲಿನಿಂದ ಬೆಂಕಿ ಹತ್ತಬಹುದು. ಆದರೆ ನಮ್ಮಲ್ಲಿ ಸಿಡಿಲು ಬರುವುದು ಮಳೆಯೊಂದಿಗೆ, ಫೆಬ್ರವರಿಯ ಬರಿ ಬಿಸಿಲಿನಲ್ಲಲ್ಲ. ಭಾರತದ ಕಾಡ್ಗಿಚ್ಚುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನುಷ್ಯರಿಂದಲೇ ಆದದ್ದು ಎಂಬುದನ್ನು ಈ ವಿಷಯ ಬಲ್ಲವರೆಲ್ಲ ಒಪ್ಪುತ್ತಾರೆ.

ಕಾರಣಗಳು ಬಗೆಬಗೆ. ಸುಟ್ಟ ನೆಲದಲ್ಲಿ ಒಂದು ಹನಿ ಮಳೆ ಬಿದ್ದರೂ ಎಳೆಹುಲ್ಲು ಚಿಗುರುತ್ತದೆ, ದನಕ್ಕೆ ಮೇವಾಗುತ್ತದೆ ಎಂದು ಹಚ್ಚುವವರಿದ್ದಾರೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಬೆಟ್ಟಗಳಲ್ಲೂ ಗದಗದ ಕಪ್ಪತಗುಡ್ಡದಲ್ಲೂ ಬೇಸಿಗೆ ಬಂದರೆ ಬೆಂಕಿ ತಪ್ಪಿದ್ದಲ್ಲ. ಜಿಂಕೆ ಉದುರಿಸಿದ ಕೊಂಬು ಹುಲ್ಲಿನಲ್ಲಿ ಕಾಣದೆಂದು ಹುಲ್ಲನ್ನೇ ಸುಡುವವರಿದ್ದಾರೆ. ಜೇನು ಇಳಿಸಲು ಒಯ್ದ ಕೊಳ್ಳಿಯನ್ನು ಆರಿಸದೆ ಬರುವವರು, ಹೊಲದ ಕಸಕ್ಕೆ ಬೆಂಕಿಯಿಟ್ಟು ಊಟಕ್ಕೆ ಹೋಗುವವರು, ಹೆದ್ದಾರಿಯಲ್ಲಿ ಕಾರಿನ ಕಿಟಕಿಯಿಂದ ಸಿಗರೇಟಿನ ತುಂಡು ಎಸೆಯುವವರು, ಇವರೆಲ್ಲರ ಪಾಲೂ ಇದೆ.

ಸಿಟ್ಟಿನಿಂದ ಹಚ್ಚುವುದೂ ಉಂಟು. ಆನೆ, ಹಂದಿ ಹೊಲಕ್ಕೆ ನುಗ್ಗಿ ಬೆಳೆ ಹೋಗಿದೆ, ಪರಿಹಾರ ಕೈಗೆ ಬಂದಿಲ್ಲ. ಕಾಡಿನೊಳಗೆ ದನ ಬಿಟ್ಟದ್ದಕ್ಕೆ ಕೇಸು ಬಿದ್ದಿದೆ. ಆ ಕೋಪ ಕಡ್ಡಿ ಗೀರಿಸುತ್ತದೆ. ಇದನ್ನು ಯಾರೂ ಸಮರ್ಥಿಸಲಾರರು. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಕಾಡಿಗೆ ಬೆಂಕಿ ಇಡುವುದು ಅಪರಾಧ. ಆದರೆ ಊರಿನ ಸಿಟ್ಟನ್ನು ಹಾಗೇ ಬಿಟ್ಟು ಕಾನೂನೊಂದರಿಂದಲೇ ಕಾಡು ಕಾಯುತ್ತೇವೆಂದರೆ ಆಗದ ಮಾತು. ಸಾವಿರಾರು ಎಕರೆಗೆ ಒಂದು ಬೆಂಕಿಕಡ್ಡಿ ಸಾಕು, ಅದನ್ನು ಗೀರಿದವನನ್ನು ಹಿಡಿಯುವುದು ಬಹಳ ಕಷ್ಟ. ಒಣಗಿದ ಆನೆಲದ್ದಿಯಲ್ಲಿ ಇಟ್ಟ ಕಿಡಿ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿರುತ್ತದೆ. ಅದು ಹುಲ್ಲಿಗೆ ತಗಲುವಾಗ ಇಟ್ಟವನು ಮನೆಯಲ್ಲಿರುತ್ತಾನೆ.

2019ರ ಆ ವಾರ

2019ರ ಫೆಬ್ರವರಿ ಮೂರನೇ ವಾರ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಗಾಳಿ ಜೋರಾಗಿತ್ತು. ಊಟಿ ರಸ್ತೆಯಲ್ಲಿ ಹೊಗೆ ಕವಿಯಿತು. ಸಿಬ್ಬಂದಿ, ದಿನಗೂಲಿ ಕಾವಲುಗಾರರು, ಸುತ್ತಲಿನ ಊರಿನವರು, ಬೆಂಗಳೂರು ಮೈಸೂರಿನಿಂದ ಬಂದ ಸ್ವಯಂಸೇವಕರು ನೂರಾರು ಸಂಖ್ಯೆಯಲ್ಲಿ ಬೆಟ್ಟ ಹತ್ತಿದರು. ಕೊನೆಗೆ ಫೆಬ್ರವರಿ 25ರಂದು ತಮಿಳುನಾಡಿನ ಸೂಲೂರಿನಿಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಉಪಗ್ರಹ ಚಿತ್ರಗಳ ಪ್ರಕಾರ ಸುಟ್ಟುಹೋದ ಕಾಡು 10 ಸಾವಿರ ಎಕರೆಗೂ ಹೆಚ್ಚು.

ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನೋಡಲು ಬಂದವರ ಸುಮಾರು 300 ಕಾರುಗಳು ನಿಂತಲ್ಲೇ ಸುಟ್ಟವು. ಅಲ್ಲಿ ಉರಿದದ್ದೂ ಒಣಹುಲ್ಲು, ಉರಿಸಿದ್ದೂ ಅದೇ ಫೆಬ್ರವರಿಯ ಗಾಳಿ. ಕಾಡ್ಗಿಚ್ಚು ಎಂದರೇನೆಂದು ರಾಜಧಾನಿ ಕಣ್ಣಾರೆ ಕಂಡ ದಿನ ಅದು. ಕಾರಿಗೆ ವಿಮೆ ಇತ್ತು, ಕಾಡಿಗೆ ಇರಲಿಲ್ಲ.

ಹೆಲಿಕಾಪ್ಟರ್ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದು ಬೇಕಾದ ನೆರವೇ, ಅನುಮಾನವಿಲ್ಲ. ಆದರೆ ಮೇಲಿನಿಂದ ಸುರಿದ ನೀರು ಜ್ವಾಲೆಯನ್ನು ತಗ್ಗಿಸುತ್ತದೆ, ಬೆಂಕಿಯನ್ನು ಪೂರ್ತಿ ಕೊಲ್ಲುವುದಿಲ್ಲ. ಕೊಲ್ಲುವುದು ಕೆಳಗೆ ನಡೆದು ಹೋದ ಮನುಷ್ಯ. ಅದಕ್ಕಿಂತಲೂ ಮುಖ್ಯವಾದ ಕೆಲಸ ನಡೆಯುವುದು ಹೊಗೆ ಕಾಣುವುದಕ್ಕೆ ಎರಡು ತಿಂಗಳು ಮೊದಲು.

ಗೆರೆ ಸುಡುವ ಕಾಲ

ಬಂಡೀಪುರ, ನಾಗರಹೊಳೆಗೆ ಹೋದವರು ರಸ್ತೆಯ ಎರಡೂ ಬದಿ ಕಪ್ಪಗೆ ಸುಟ್ಟ ಪಟ್ಟಿ ಕಂಡು ಅಯ್ಯೋ ಎಂದಿರಬಹುದು. ಅದು ಇಲಾಖೆಯವರೇ ಸುಟ್ಟದ್ದು. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು, ಕಾಡಿನವರ ಬಾಯಲ್ಲಿ ಫೈರ್‌ಲೈನ್. ಕಾಡನ್ನು ಹೀಗೆ ತುಂಡುತುಂಡಾಗಿ ಪಟ್ಟಿಗಳಿಂದ ಬೇರ್ಪಡಿಸಿದರೆ ಒಂದು ತುಂಡಿಗೆ ಹತ್ತಿದ ಬೆಂಕಿ ಇನ್ನೊಂದಕ್ಕೆ ದಾಟುವುದು ಕಷ್ಟ.

ಹೇಳಲು ಸುಲಭ. ಮೊದಲು ಪಟ್ಟಿಯ ಎರಡೂ ಅಂಚಿನ ಹುಲ್ಲು, ಪೊದೆ ಸವರಬೇಕು. ಸವರಿದ್ದು ಒಣಗಲು ಬಿಡಬೇಕು. ಆಮೇಲೆ ಗಾಳಿ ಇಲ್ಲದ ಹೊತ್ತು ನೋಡಿ, ಎರಡೂ ಕಡೆ ಜನ ನಿಲ್ಲಿಸಿಕೊಂಡು ಸುಡಬೇಕು. ಡಿಸೆಂಬರ್‌ನಲ್ಲಿ ಹುಲ್ಲು ಇನ್ನೂ ಅರೆಹಸಿ, ಬೆಂಕಿ ಹಿಡಿಯುವುದಿಲ್ಲ. ಜನವರಿ ಕಳೆಯಿತೆಂದರೆ ಎಲ್ಲವೂ ಒಣಗಿ, ಪಟ್ಟಿ ಸುಡಲು ಹಚ್ಚಿದ ಬೆಂಕಿಯೇ ಕೈಮೀರಿ ಕಾಡಿಗೆ ಹೊರಡಬಹುದು. ನಡುವೆ ಸಿಗುವ ಕೆಲವೇ ವಾರಗಳಲ್ಲಿ ಇಡೀ ಕಾಡಿನ ಗೆರೆಗಳು ಮುಗಿಯಬೇಕು. ಆ ಹೊತ್ತಿಗೆ ಹಣ ಬಿಡುಗಡೆಯಾಗದಿದ್ದರೆ, ಕೂಲಿಯಾಳು ಸಿಗದಿದ್ದರೆ ಗೆರೆ ಉಳಿದೇ ಹೋಗುತ್ತದೆ. ಫೆಬ್ರವರಿಯಲ್ಲಿ ಎಷ್ಟು ಹಣ ಸುರಿದರೂ ಆ ಕೆಲಸ ವಾಪಸು ಬರುವುದಿಲ್ಲ.

ಗೆರೆ ಇದ್ದ ಮಾತ್ರಕ್ಕೆ ಬೆಂಕಿ ನಿಲ್ಲುತ್ತದೆಂದೂ ಅಲ್ಲ. ಗಾಳಿ ಬಂದರೆ ಉರಿಯುವ ಎಲೆ ಹಾರಿ ಆಚೆ ಬೀಳುತ್ತದೆ. ಗೆರೆಯ ದೊಡ್ಡ ಉಪಯೋಗ ಬೇರೆ. ಬೆಂಕಿಯ ಎದುರಿಗೆ ನಿಲ್ಲಲು ಅದು ಜಾಗ ಕೊಡುತ್ತದೆ. ಎದುರಿನಿಂದ ಬರುವ ಬೆಂಕಿಯ ಕಡೆಗೆ ಅಲ್ಲಿಂದಲೇ ಇನ್ನೊಂದು ಬೆಂಕಿ ಹಚ್ಚುತ್ತಾರೆ, ಎದುರುಬೆಂಕಿ. ಎರಡೂ ಸೇರುವ ಹೊತ್ತಿಗೆ ನಡುವಿನ ಉರುವಲು ಮುಗಿದು ಬೆಂಕಿ ತಾನಾಗಿ ಸಾಯುತ್ತದೆ. ಗಾಳಿಯ ಅಂದಾಜು ತಪ್ಪಿದರೆ ಹಚ್ಚಿದವರೇ ಎರಡು ಬೆಂಕಿಗಳ ನಡುವೆ ಸಿಕ್ಕಿಬೀಳುತ್ತಾರೆ. ಅನುಭವವಿಲ್ಲದವರು ಇದಕ್ಕೆ ಕೈಹಾಕಲೇಬಾರದು.

ಮಲೆನಾಡಿನ ರೈತರಿಗೆ ಇದೆಲ್ಲ ಬೇರೆ ರೂಪದಲ್ಲಿ ಗೊತ್ತು. ಶಿರಸಿ, ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಬೆಟ್ಟದಿಂದ ದರಕು, ಅಂದರೆ ತರಗೆಲೆ, ಗುಡಿಸಿ ತರುತ್ತಾರೆ. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಅಡಿಕೆ ತೋಟ ಸೇರುತ್ತದೆ. ಗುಡಿಸಿದ ಬೆಟ್ಟದಲ್ಲಿ ಬೆಂಕಿಗೆ ತಿನ್ನಲು ಏನೂ ಉಳಿದಿರುವುದಿಲ್ಲ. ಈಗ ಹಳ್ಳಿಯಲ್ಲಿ ದನವೂ ಕಡಿಮೆ, ದರಕು ಗುಡಿಸುವ ಕೈಯೂ ಕಡಿಮೆ. ಬೆಟ್ಟದಲ್ಲಿ ತರಗು ವರ್ಷದ ಮೇಲೆ ವರ್ಷ ಕೂಡಿಬೀಳುತ್ತಿದೆ.

ಹಸಿಸೊಪ್ಪು ಹಿಡಿದವರು

ಬೇಸಿಗೆಯ ನಾಲ್ಕೈದು ತಿಂಗಳಿಗೆಂದು ಇಲಾಖೆ ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರರನ್ನು ತೆಗೆದುಕೊಳ್ಳುತ್ತದೆ. ಎಲ್ಲರೂ ಫೈರ್ ವಾಚರ್ ಎನ್ನುವುದು ಇವರನ್ನೇ. ಬಹುತೇಕರು ಕಾಡಂಚಿನ ಯುವಕರು. ಸೋಲಿಗರು, ಜೇನುಕುರುಬರು ಇವರಲ್ಲಿ ಹೆಚ್ಚು. ಗುಡ್ಡದ ತುದಿಯ ವಾಚ್‌ಟವರ್‌ನಲ್ಲಿ ಕೂತು ಹೊಗೆ ನೋಡುವುದು, ಕಂಡ ಕೂಡಲೇ ವಾಕಿಟಾಕಿಯಲ್ಲಿ ತಿಳಿಸುವುದು, ಓಡುವುದು ಇವರ ಕೆಲಸ.

ಓಡಿ ಹೋದವರ ಕೈಯಲ್ಲಿ ಏನಿರುತ್ತದೆ? ಈಗೀಗ ತರಗು ಹಾರಿಸುವ ಬ್ಲೋವರ್, ಬೆನ್ನಿಗೆ ಹೊರುವ ನೀರಿನ ಸ್ಪ್ರೇಯರ್ ಬಂದಿವೆ. ಆದರೆ ಹೆಚ್ಚಿನ ಬೆಂಕಿ ಆರುವುದು ಇಂದಿಗೂ ದಾರಿಯಲ್ಲಿ ಮುರಿದುಕೊಂಡ ಹಸಿಸೊಪ್ಪಿನ ಕೊಂಬೆಯಿಂದ. ಬಡಿಯುವುದಕ್ಕೂ ಒಂದು ಕ್ರಮವಿದೆ. ಕೊಂಬೆ ಎತ್ತಿ ಹೊಡೆದರೆ ಕಿಡಿ ಹಾರಿ ಹಿಂದಿನ ಹುಲ್ಲಿಗೆ ಬೀಳುತ್ತದೆ. ಆದ್ದರಿಂದ ಕೊಂಬೆಯನ್ನು ಬೆಂಕಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸಾಗಬೇಕು. ಮುಂದಿನವನು ಬಿಟ್ಟ ಕಿಡಿಯನ್ನು ಹಿಂದಿನವನು ನೋಡಿಕೊಳ್ಳುತ್ತಾನೆ. ಕುಡಿಯುವ ನೀರು ಮುಗಿದಾಗ ಮೇಲಿನಿಂದ ಇಳಿದು ಬರುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಪಾಲಿಯೆಸ್ಟರ್ ಬಟ್ಟೆ ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆ, ಗಟ್ಟಿ ಬೂಟು ಇಲ್ಲದವರನ್ನು ಬೆಂಕಿಯ ಎದುರು ಕಳಿಸುವುದು ತಪ್ಪು. ಇವನ್ನೂ ಕೊಡದ ವ್ಯವಸ್ಥೆಗೆ ಹುಲಿ ಉಳಿಸಿದೆವೆಂಬ ಹೆಮ್ಮೆ ಒಪ್ಪುವುದಿಲ್ಲ.

ಜ್ವಾಲೆ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒಣಗಿದ ಬೊಡ್ಡೆ, ಬಿದ್ದ ದಿಮ್ಮಿ ದಿನಗಟ್ಟಲೆ ಒಳಗೆ ಉರಿಯುತ್ತಿರುತ್ತವೆ. ಅರೆಸುಟ್ಟ ದಿಮ್ಮಿ ರಾತ್ರಿ ಉರುಳಿ ಕಣಿವೆಗೆ ಬಿದ್ದರೆ ಕೆಳಗಿನಿಂದ ಬೆಂಕಿ ಮತ್ತೆ ಏರುತ್ತದೆ. ಮಣ್ಣು ಮುಚ್ಚುತ್ತ, ಕೈ ಹಿಡಿದು ಬಿಸಿ ನೋಡುತ್ತ ಕಾಯಬೇಕು.

2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಇನ್ನೊಬ್ಬರು. ಎರಡೂ ಫೆಬ್ರವರಿ.

ಉಪಗ್ರಹ ಕಾಣುವುದು, ಕಾಣದ್ದು

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹದ ನೆರವಿನಿಂದ ಕಾಡ್ಗಿಚ್ಚಿನ ಎಚ್ಚರಿಕೆ ಕಳಿಸುತ್ತಿದೆ. ಒಂದು ಸಾಧನ ನೆಲವನ್ನು ಒಂದು ಕಿಲೋಮೀಟರಿನ ಚೌಕಗಳಲ್ಲಿ ನೋಡುತ್ತದೆ, ಹೊಸದು 375 ಮೀಟರಿನ ಚೌಕಗಳಲ್ಲಿ. ಬಿಸಿ ಕಂಡ ಜಾಗದ ಸಂದೇಶ ಆ ವಲಯದ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಸಾರ್ವಜನಿಕರೂ ಹೆಸರು ನೋಂದಾಯಿಸಿಕೊಂಡು ತಮ್ಮ ಭಾಗದ ಸಂದೇಶ ಪಡೆಯಬಹುದು. ದೇಶದ ಅರಣ್ಯದಲ್ಲಿ ಶೇ 36ಕ್ಕಿಂತ ಹೆಚ್ಚು ಭಾಗ ಪದೇಪದೇ ಬೆಂಕಿಗೆ ಈಡಾಗುವಂಥದ್ದು ಎಂಬುದು ಇದೇ ಸಂಸ್ಥೆಯ ಅಂದಾಜು.

ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಸದಾ ನಿಂತಿರುವುದಿಲ್ಲ. ದಿನಕ್ಕೆ ಕೆಲವು ಬಾರಿ ಹಾದುಹೋಗುತ್ತದೆ. ಅದು ದಾಟಿದ ಮೇಲೆ ಹತ್ತಿದ ಬೆಂಕಿ ಮುಂದಿನ ಸುತ್ತಿನವರೆಗೆ ಕಾಣುವುದಿಲ್ಲ. ಮರದ ಕೆಳಗೆ ತರಗಿನಲ್ಲಿ ಹರಿಯುವ ಸಣ್ಣ ಬೆಂಕಿಯೂ ಕಣ್ಣು ತಪ್ಪಿಸುತ್ತದೆ. ಕಬ್ಬಿನ ಗದ್ದೆಯ ಸೋಗೆ ಸುಟ್ಟರೂ ಕಾಡು ಸುಟ್ಟರೂ ಅದಕ್ಕೆ ಒಂದೇ. ಮಧ್ಯಾಹ್ನದ ಗಾಳಿಯಲ್ಲಿ ಬೆಂಕಿ ಒಂದು ಗುಡ್ಡ ದಾಟಲು ಗಂಟೆ ಸಾಕು. ಅಷ್ಟರೊಳಗೆ ಸುದ್ದಿ ಮುಟ್ಟಿಸಬಲ್ಲವರು ದನ ಕಾಯುವವರು, ಹೊಲದಲ್ಲಿರುವವರು, ರಸ್ತೆಯಲ್ಲಿ ಹೋಗುವವರು ಮಾತ್ರ. ಊರು ಕಾಡಿನ ಪರವಾಗಿದ್ದರೆ ಫೋನು ಬರುತ್ತದೆ, ಮುನಿಸಿಕೊಂಡಿದ್ದರೆ ಬರುವುದಿಲ್ಲ. ಬೆಂಕಿಯ ಗಾತ್ರ ನಿರ್ಧಾರವಾಗುವುದು ಬಹುಪಾಲು ಇಲ್ಲಿಯೇ.

ಸೋಲಿಗರ ತರಗು ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಹಿರಿಯ ಸೋಲಿಗರನ್ನು ಕೇಳಿದರೆ ಬೆಂಕಿಯ ಬಗ್ಗೆ ಬೇರೆಯೇ ಮಾತು ಬರುತ್ತದೆ. ಹಿಂದೆ ಬೇಸಿಗೆಯ ಆರಂಭದಲ್ಲಿ, ತರಗು ತೆಳ್ಳಗಿರುವಾಗ, ನೆಲದಲ್ಲಿ ಇನ್ನೂ ತೇವ ಇರುವಾಗ ಅವರು ಬೆಂಕಿ ಹಾಕುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಅದು ಕೆಳಗಿನ ತರಗು, ಒಣಹುಲ್ಲು ತಿಂದು ಮುಗಿಯುತ್ತಿತ್ತು, ದಪ್ಪ ತೊಗಟೆಯ ಮರಗಳಿಗೆ ಏನೂ ಆಗುತ್ತಿರಲಿಲ್ಲ. ನೆಲ್ಲಿಮರದ ಮೇಲೆ ಬೆಳೆದು ರಸ ಹೀರುವ ಉಪ್ಪಿಲು ಎಂಬ ಬಂದಳಿಕೆ ಈ ಬಿಸಿಗೆ ಸಾಯುತ್ತಿತ್ತು, ನೆಲ್ಲಿ ಚೆನ್ನಾಗಿ ಕಾಯಿ ಬಿಡುತ್ತಿತ್ತು ಎಂಬುದು ಅವರ ಅನುಭವ.

1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಆ ಬೆಂಕಿ ನಿಂತಿತು. ಆಮೇಲಿನ ದಶಕಗಳಲ್ಲಿ ಲಂಟಾನ ಬೆಟ್ಟವನ್ನು ತುಂಬಿಕೊಂಡಿತು. ಬ್ರಿಟಿಷರು ಸುಮಾರು 200 ವರ್ಷಗಳ ಹಿಂದೆ ಅಂದದ ಹೂವಿಗೆಂದು ತಂದ ಈ ಅಮೆರಿಕದ ಗಿಡ ಇಂದು ದೇಶದ ಹುಲಿ ಕಾಡುಗಳ ದೊಡ್ಡ ಭಾಗವನ್ನು ಆವರಿಸಿದೆ. ವಾರ್ಷಿಕ ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿತು ಎನ್ನುತ್ತಾರೆ ಸೋಲಿಗರು. ವಿಜ್ಞಾನಿಗಳಲ್ಲಿ ಈ ಬಗ್ಗೆ ಚರ್ಚೆ ಮುಗಿದಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟ. ಒಣಗಿದ ಲಂಟಾನ ಪೊದೆ ಹುಲ್ಲಿಗಿಂತ ಹೆಚ್ಚು ಬಿಸಿಯಾಗಿ ಉರಿಯುತ್ತದೆ, ಮರಕ್ಕೆ ಹಬ್ಬಿದ್ದರೆ ಬೆಂಕಿಯನ್ನು ನೆತ್ತಿಗೆ ಮುಟ್ಟಿಸುತ್ತದೆ. ಬೆಂಕಿ ಹೋದ ಮೇಲೆ ಬುಡದಿಂದ ಮತ್ತೆ ಅದೇ ಮೊದಲು ಚಿಗುರುತ್ತದೆ. ಇಂಥ ಕಾಡಿಗೆ ಇಂದು ಯಾರಾದರೂ ಹಳೆಯ ತರಗು ಬೆಂಕಿ ಹಾಕಿದರೆ ಅದು ಹಳೆಯ ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಲಂಟಾನ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಆನೆಯ ಪ್ರತಿಮೆ ಮಾಡಿ ಸೋಲಿಗರು ನಾಲ್ಕು ಕಾಸು ದುಡಿಯುತ್ತಿರುವುದು ಒಳ್ಳೆಯ ಆರಂಭ.

ಬೆಂಕಿಯೆಲ್ಲ ಕೆಟ್ಟದ್ದು ಎಂಬ ನಿಲುವು ನಮ್ಮದಲ್ಲ, 19ನೇ ಶತಮಾನದ ವಸಾಹತು ಅರಣ್ಯ ಇಲಾಖೆ ಬಿಟ್ಟುಹೋದದ್ದು. ಮರದ ದಿಮ್ಮಿಯ ಆದಾಯ ನೋಡಿಕೊಂಡು ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯವನ್ನೂ ಕಾಡಿನವರ ಬೆಂಕಿಯನ್ನೂ ಅದು ಒಟ್ಟಿಗೇ ಅಪರಾಧವಾಗಿಸಿತು. ಬೆಂಕಿ ಪೂರ್ತಿ ತಡೆದ ಕಡೆ ಸಾಲವೃಕ್ಷದ ಸಸಿ ಏಳುತ್ತಿಲ್ಲವೆಂದು ಕಂಡು 20ನೇ ಶತಮಾನದ ಆರಂಭದಲ್ಲಿ ಆ ಇಲಾಖೆಯ ಅಧಿಕಾರಿಗಳೇ ನಿಯಂತ್ರಿತ ಬೆಂಕಿಗೆ ಮರಳಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಈಗ ಯುರೋಕ್, ಕರುಕ್ ಮೂಲನಿವಾಸಿಗಳು ತಮ್ಮ ಹಳೆಯ ಸಣ್ಣ ಬೆಂಕಿಯನ್ನು ಮತ್ತೆ ಹಚ್ಚುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಎಲ್ಲಿ, ಯಾವಾಗ, ಎಷ್ಟು ಸುಡಬೇಕು, ಎಲ್ಲಿ ಒಂದು ಕಿಡಿಯೂ ಬೀಳಬಾರದು ಎಂದು ಅವರೊಂದಿಗೆ ಕೂತು ನಿರ್ಧರಿಸಲು ಇನ್ನೇನು ಅಡ್ಡಿ?

ಎಲ್ಲಿ ಕಿಡಿ ಬೀಳಬಾರದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಘಟ್ಟದ ನೆತ್ತಿಯ ಶೋಲಾ ಕಾಡಿನ ಮರಗಳ ತೊಗಟೆ ತೆಳು. ಹುಲ್ಲಿನ ಬೆಂಕಿ ಶೋಲಾದ ಅಂಚು ನೆಕ್ಕಿದರೆ ಆ ಅಂಚು ಬೇಗ ವಾಪಸು ಬರುವುದಿಲ್ಲ. ಆ ಶೋಲಾದಿಂದಲೇ ಕೆಳಗಿನ ಕಾಫಿ ತೋಟಕ್ಕೂ ಊರಿಗೂ ಹಳ್ಳದ ನೀರು.

ಸುಟ್ಟ ಮೇಲೆ

ಬೆಂಕಿ ಹೋದ ಕಾಡಿನಲ್ಲಿ ದೊಡ್ಡ ಪ್ರಾಣಿಗಳ ಹೆಣ ಕಾಣುವುದು ಕಡಿಮೆ. ಆನೆ, ಜಿಂಕೆ, ಹುಲಿ ಓಡಿಹೋಗುತ್ತವೆ. ಓಡಲಾರದ್ದು ಆಮೆ, ಹಾವಿನ ಮರಿ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಯ ಗೂಡು. ಬೇಸಿಗೆಯಲ್ಲಿ ಮೊಳಕೆಗೆ ಕಾದಿದ್ದ ಬೀಜಗಳೂ, ಹಿಂದಿನ ವರ್ಷ ಎದ್ದ ಸಸಿಗಳೂ ಹೋಗುತ್ತವೆ. ಪ್ರತಿವರ್ಷ ಬೆಂಕಿ ಬೀಳುವ ಕಾಡಿನಲ್ಲಿ ದೊಡ್ಡ ಮರ ಇರುತ್ತದೆ, ಎಳೆಯ ಮರ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಕಾಡು ಹಾಗೇ ಇದೆ ಅನ್ನಿಸುತ್ತದೆ.

ಮೊದಲ ಜೋರುಮಳೆಗೆ ಬೂದಿ ಮತ್ತು ಮೇಲ್ಮಣ್ಣು ಕೊಚ್ಚಿ ಹಳ್ಳ ಸೇರಿ, ಕೆರೆಗೆ ಹೂಳಾಗುತ್ತದೆ. ಮೇವು ಸುಟ್ಟುಹೋದ ಕಾಡಿನ ಆನೆಗಳು ಹೊಲಕ್ಕೆ ಬರುತ್ತವೆ. ದನಕ್ಕೆ ಮೇವೆಂದು ಹಚ್ಚಿದ ಬೆಂಕಿಯ ಲೆಕ್ಕ ಕೊನೆಗೆ ಬಾಳೆ, ಜೋಳದ ಹೊಲದಲ್ಲಿ ಮುಗಿಯುತ್ತದೆ.

ಮಾಡಬೇಕಾದದ್ದು

ಕಾಡಂಚಿನ ರೈತರು ಹುಲ್ಲಿನ ಮೆದೆಯನ್ನು ಬೇಲಿಗೆ ಒತ್ತಿ ಹಾಕಬಾರದು. ಕಾಡಿನ ಕಡೆಯ ಬದುವಿನ ಒಣಹುಲ್ಲನ್ನು ಜನವರಿಯೊಳಗೆ ಸವರಿ ತೆಗೆಯಬೇಕು. ಹೊಲದ ಕಸ ಸುಡುವುದನ್ನು ಬಿಟ್ಟು ಗೊಬ್ಬರದ ಗುಂಡಿಗೆ ಹಾಕಬೇಕು. ಬೆಂಕಿ ಇಳಿಜಾರು ಏರಿ ಬರುತ್ತಿದ್ದರೆ ಮೇಲಕ್ಕೆ ಓಡಬಾರದು, ಪಕ್ಕಕ್ಕೆ ಸರಿದು ಆಗಲೇ ಸುಟ್ಟ ನೆಲ ಸೇರಿಕೊಳ್ಳಬೇಕು. ಇದನ್ನು ಕಾಡಂಚಿನ ಶಾಲೆಗಳಲ್ಲಿ ಮಕ್ಕಳಿಗೂ ಹೇಳಿಕೊಡಬೇಕು.

ಸರ್ಕಾರದ ಪಾಲು ಇದಕ್ಕಿಂತ ದೊಡ್ಡದು. ಬೆಂಕಿ ರೇಖೆಯ ಹಣ ನವೆಂಬರ್‌ನಲ್ಲೇ ವಲಯ ಕಚೇರಿಗೆ ತಲುಪಲಿ. ಕಾವಲುಗಾರರಿಗೆ ತಿಂಗಳ ಕೊನೆಗೆ ಕೂಲಿ, ಮೈಗೆ ಸರಿಯಾದ ಬಟ್ಟೆ, ಕಾಲಿಗೆ ಬೂಟು, ಹೆಸರಿಗೆ ವಿಮೆ ಸಿಗಲಿ. ಮಳೆಗಾಲದಲ್ಲಿ ಅವರನ್ನೇ ಲಂಟಾನ ಕೀಳಲು ಉಳಿಸಿಕೊಂಡರೆ ವರ್ಷವಿಡೀ ಕೆಲಸವಾಗುತ್ತದೆ. ಆನೆ ತುಳಿದ ಬೆಳೆಗೆ ಪರಿಹಾರ ತಡವಾಗದೆ ಬರಲಿ. ಹೆಲಿಕಾಪ್ಟರ್ ತರಿಸುವ ಹಂತಕ್ಕೆ ಹೋಗದಂತೆ ತಡೆಯುವ ಖರ್ಚು ಇಷ್ಟೇ.

ಓದುಗರಲ್ಲಿ ಒಂದು ಕೋರಿಕೆ. ಫೆಬ್ರವರಿಯಿಂದ ಮೇ ನಡುವೆ ಕಾಡಿನ ರಸ್ತೆಯಲ್ಲಿ ಹೋಗುವಾಗ ಎಲ್ಲೂ ಒಲೆ ಹೂಡಬೇಡಿ, ಸಿಗರೇಟು ಎಸೆಯಬೇಡಿ. ಹೊಗೆ ಕಂಡರೆ ಫೋಟೊ ತೆಗೆದು ಹಂಚುವ ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹತ್ತಿರದ ಊರಿನ ಹೆಸರು, ರಸ್ತೆಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹೊಗೆ ರಸ್ತೆಯ ಯಾವ ಬದಿಗಿದೆ ಎಂಬುದನ್ನು ತಿಳಿಸಿ. ಮೊದಲ ಅರ್ಧ ಗಂಟೆಯಲ್ಲಿ ಸುದ್ದಿ ಮುಟ್ಟಿದರೆ ನಾಲ್ಕು ಜನ ಹಸಿಸೊಪ್ಪಿನಿಂದಲೇ ಆ ಬೆಂಕಿ ಆರಿಸಬಲ್ಲರು.